ಭಂಡಾರ ಎತ್ತದ ಅತ್ತೆ

ನಮ್ಮ ಮನೆಯಲ್ಲಿ ಸುಳ್ಳು ಹೆಚ್ಚು ಹೊತ್ತು ಬಾಳುತ್ತಿರಲಿಲ್ಲ. ನಾವು ಅಂಥ ಸತ್ಯವಂತರೇನಲ್ಲ, ಭಂಡಾರದ ಬಟ್ಟಲು ಎಲ್ಲರ ಕೈಗೆ ಎಟಕುವಂತಿತ್ತು, ಅಷ್ಟೇ. ಪಡಸಾಲೆಯ ಮೂಲೆಯಲ್ಲಿ ಮಣ್ಣಿನ ಜಗಲಿ, ಜಗಲಿಯ ಮೇಲೆ ಕುರಿ ಕಾಯುವ ನಮ್ಮ ಮನೆದೇವರು, ದೇವರ ಮುಂದೆ ಅರಿಶಿನ ಪುಡಿ ತುಂಬಿದ ಹಿತ್ತಾಳೆ ಬಟ್ಟಲು. ಆ ಪುಡಿಯೇ ಭಂಡಾರ. ಬೆಳಿಗ್ಗೆ ಎದ್ದು ಹಣೆಗೆ ಹಚ್ಚಿಕೊಳ್ಳಲೂ ಅದೇ, ಜಗಳ ಹರಿಯಲೂ ಅದೇ. ‘ಭಂಡಾರ ಎತ್ತು’ ಎಂದರೆ ಪುಡಿಯನ್ನು ಕೈಯಲ್ಲಿ ಹಿಡಿದು ದೇವರ ಮುಂದೆ ಆಣೆ ಮಾಡು ಎಂದರ್ಥ. ಸುಳ್ಳು ಆಣೆ ಮಾಡಿದರೆ, ಮಾಡಿದ ಆಣೆ ಮುರಿದರೆ ಮನೆ ಉಳಿಯುವುದಿಲ್ಲ ಎಂದು ನಂಬಿಕೆ. ಒಮ್ಮೆ ಅಪ್ಪನ ತಮ್ಮ, ನಮ್ಮ ಕಾಕಾ, ನೆರೆಯವರ ಕಬ್ಬಿಗೆ ನುಗ್ಗಿದ್ದು ತನ್ನ ಕುರಿಗಳೇ ಅಲ್ಲ ಎಂದು ಕುಣಿದಾಡುತ್ತಿದ್ದ. ಆಯಿ, ಅಂದರೆ ಅಪ್ಪನ ತಾಯಿ, ಬಟ್ಟಲಿನತ್ತ ನೋಡಿದಳು. ‘ಒಂದೆರಡು ಹೋಗಿರಬೇಕ ನೋಡು’ ಎಂದ ಕಾಕಾ. ಆಯಿ ಕಣ್ಣು ಕದಲಿಸಲಿಲ್ಲ. ಸಂಜೆಯೊಳಗೆ ಇಡೀ ಹಿಂಡೇ ಹೋಗಿತ್ತೆಂದು ಒಪ್ಪಿಕೊಂಡ. ಬಟ್ಟಲಿನ ಮುಂದೆ ಯಾರು ಹಿಂಜರಿಯುತ್ತಾರೋ ಅವರೇ ಕಳ್ಳರು, ಇದು ನಾನು ಶಾಲೆಗೆ ಹೋಗುವ ಮೊದಲೇ ಕಲಿತ ಪಾಠ.

ಹಾರೂಗೇರಿಯಿಂದ ಕುಡಚಿಯ ಕಡೆಗೆ ಹೋಗುವ ರಸ್ತೆ ಬಿಟ್ಟು, ಕಬ್ಬಿನ ಹೊಲಗಳ ನಡುವೆ ಒಳಗೆ ನಡೆದರೆ ನಮ್ಮ ಮನೆ ಸಿಗುತ್ತಿತ್ತು. ಮುಂದೆ ಕುರಿದೊಡ್ಡಿ, ನಡುವೆ ಪಡಸಾಲೆ, ಹಿಂದೆ ಹೊಗೆ ತುಂಬಿದ ಅಡುಗೆಮನೆ. ಅಪ್ಪ ರಾಯಬಾಗದ ಒಂದು ಕಚೇರಿಯಲ್ಲಿ ಶಿಪಾಯಿ, ಮೋಟರ್‌ಸೈಕಲ್ ಇದ್ದವನು. ಕಾಕಾ ಕುರಿಗಳ ಹಿಂದೆ. ಮನೆಯಲ್ಲಿ ಯಾರೂ ಮೆಲ್ಲಗೆ ಮಾತಾಡಿದ್ದು ನನಗೆ ನೆನಪಿಲ್ಲ. ಬಯಲಿನಲ್ಲಿ ಕೂಗಿ ಕೂಗಿ ಬೆಳೆದ ಗಂಟಲುಗಳು. ಉಪ್ಪು ಕೇಳಿದರೂ ನಾಲ್ಕು ಹೊಲದಾಚೆ ಕೇಳಿಸಬೇಕು. ಮಾತು ಬೆಳ್ಳಿ, ಮೌನ ಬಂಗಾರ ಎಂದವರು ನಮ್ಮ ಮನೆಯಲ್ಲಿ ಒಂದು ದಿನವೂ ಉಂಡವರಲ್ಲ. ರೊಟ್ಟಿ ಬಡಿಯುತ್ತ ಅವ್ವ ಒಂದು ಮಾತು, ಉಣ್ಣೆ ನೂಲುತ್ತ ಅತ್ತೆ ಒಂದು ಮಾತು, ದೊಡ್ಡಿಯಿಂದ ಕಾಕಾ ಒಂದು ಮಾತು. ಜಗಳವೋ ಸಲಿಗೆಯೋ ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ಆ ಗದ್ದಲವೇ ನನಗೆ ಮನೆ ಎಂಬ ಪದದ ಅರ್ಥವಾಗಿತ್ತು.

ಸುಂದ್ರಾ ಅತ್ತೆ ಅಪ್ಪನ ತಂಗಿ, ಕಾಕಾನ ಅಕ್ಕ. ಗಂಡ ಇನ್ನೊಬ್ಬಳನ್ನು ತಂದುಕೊಂಡ ಮೇಲೆ ಒಂದು ತಗಡಿನ ಟ್ರಂಕಿನೊಂದಿಗೆ ತವರಿಗೆ ಮರಳಿದವಳು. ಆ ಬಗ್ಗೆ ಅವಳು ಅತ್ತದ್ದನ್ನು ನಾನು ನೋಡಿಲ್ಲ. ಬಂದ ಮರುದಿನವೇ ಕುರಿಮರಿಗಳಿಗೆ ಹಾಲುಣಿಸಲು ನಿಂತಳಂತೆ. ಕಾಕಾನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ, ಆಮೇಲೆ ನನ್ನನ್ನೂ. ಅವ್ವ ಹಡೆದಳು, ಅತ್ತೆ ಸಾಕಿದಳು ಎಂದು ಮನೆಯಲ್ಲಿ ಎಲ್ಲರೂ ಅನ್ನುತ್ತಿದ್ದರು, ಅವ್ವನೂ. ನಾನು ಮಲಗುತ್ತಿದ್ದದ್ದು ಅತ್ತೆಯ ಕಂಬಳಿಯಲ್ಲಿ. ಅವಳ ಕೈಗೆ ಸದಾ ಉಣ್ಣೆಯ ವಾಸನೆ.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಆಯಿ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಮಿರಜದ ಒಂದು ದವಾಖಾನೆಯಲ್ಲಿ ಆಪರೇಶನ್ ಆಯಿತು. ಜೊತೆಗಿದ್ದವಳು ಅತ್ತೆ. ಪಕ್ಕದ ಹಾಸಿಗೆಯಲ್ಲಿದ್ದ ಕುಡಚಿಯ ಕಡೆಯ ಹೆಂಗಸೊಬ್ಬಳು ಹೊತ್ತು ಹೋಗಲೆಂದು ತನ್ನ ಕನ್ನಡ ಬೈಬಲನ್ನು ಅತ್ತೆಗೆ ಕೊಟ್ಟಳಂತೆ. ಏಳನೆಯ ಇಯತ್ತೆಯವರೆಗೆ ಕಲಿತಿದ್ದ ಅತ್ತೆ ಅಕ್ಷರ ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿದಳು. ನೋವಿನಲ್ಲಿದ್ದ ಆಯಿ ‘ಮುಂದ ಏನಾತು, ಮುಂದ ಏನಾತು’ ಎಂದು ಕೇಳಿದಳು. ಇದನ್ನು ಆಯಿಯೇ ನನಗೆ ಹೇಳಿದ್ದು. ಮನೆಗೆ ಮರಳುವಾಗ ಆ ಹೆಂಗಸು ಪುಸ್ತಕವನ್ನು ಅತ್ತೆಗೇ ಕೊಟ್ಟುಬಿಟ್ಟಳು. ಅದು ಟ್ರಂಕಿನ ತಳ ಸೇರಿತು. ಅದರೊಳಗಿನ ಕತೆಗಳು ಮಾತ್ರ ಸಂಜೆಯ ಪಡಸಾಲೆಗೆ ಬಂದವು.

ಎಲ್ಲರಿಗೂ ಹಿಡಿಸಿದ್ದು ಯೋಸೇಫನ ಕತೆ. ಹಿಡಿಸದೆ ಏನು, ಅದು ಕುರಿ ಕಾಯುವವರ ಮನೆಯ ಕತೆ. ಅಪ್ಪನ ಮುದ್ದಿನ ಮಗ, ಅವನಿಗೊಂದು ಚೆಂದದ ಅಂಗಿ, ಅದನ್ನು ನೋಡಿ ಹೊಟ್ಟೆ ಉರಿದುಕೊಂಡ ಅಣ್ಣಂದಿರು. ಕುರಿ ಮೇಯಿಸಲು ದೂರ ಹೋದ ಅವರ ಸುದ್ದಿ ಕೇಳಿಕೊಂಡು ಬರಲು ಈ ಹುಡುಗ ಹೋದ. ಅವರು ಅಂಗಿ ಕಳಚಿ ನೀರಿಲ್ಲದ ಬಾವಿಗೆ ತಳ್ಳಿದರು. ಆಮೇಲೆ ಅಲ್ಲೇ ಕುಳಿತು ರೊಟ್ಟಿ ತಿಂದರು. ಅತ್ತೆ ಇಲ್ಲಿಗೆ ಬಂದಾಗಲೆಲ್ಲ ಆಯಿ ತಡೆಯುತ್ತಿದ್ದಳು.

‘ಏ ತಡೀ. ತಮ್ಮನ್ನ ಬಾವ್ಯಾಗ ಒಗದು ರೊಟ್ಟಿ ತಿಂದ್ರಾ? ಗಂಟಲಾಗ ಹ್ಯಾಂಗ ಇಳೀತವ್ವಾ ಅವರಿಗೆ?’

‘ಇಳೀತಂತ ಬೇ. ಅವ ಒಳಗಿಂದ ಒದರಾಕತ್ತಿದ್ದ, ಇವರು ತಿನ್ನಾಕತ್ತಿದ್ರು.’

ಅಂಗಿಯನ್ನು ಆಡಿನ ರಕ್ತದಲ್ಲಿ ಅದ್ದಿ ಅಪ್ಪನಿಗೆ ತೋರಿಸಿದರು ಎಂದಾಗ ಕಾಕಾನದ್ದು ಬೇರೆಯೇ ತಕರಾರು.

‘ಏನ ಅಕ್ಕಾ, ಜೀವನಾ ಪೂರ್ತಿ ಕುರಿ ಕಾದಾವಗ ಆಡಿನ ರಕ್ತದ ಗುರ್ತ ಹತ್ತಲಿಲ್ಲೇನು?’

‘ಮಗಂದು ಅಂದ ಮ್ಯಾಲ ಕಣ್ಣು ಎಲ್ಲಿ ಕಾಣ್ತಾವೋ ಮಂಗ್ಯಾ,’ ಎಂದು ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ‘ಅಂಥಾ ಅಣ್ಣತಮ್ಮರನ್ನ ಊರಾಗ ನಿಲ್ಲಗೊಡಬಾರದು’ ಎಂದ ಅಪ್ಪ, ಊಟದ ತಾಟಿನ ಮುಂದೆ ಕೈ ಒಣಗುತ್ತಿದ್ದರೂ ಏಳದೆ. ಅಪ್ಪನಿಗೂ ಕಾಕಾನಿಗೂ ಅದು ಎಲ್ಲಿಯೋ ಕೇಳಿದ ಕುರಿಗಾರರ ಕತೆ. ಪುಸ್ತಕದ ವಿಷಯ ಗೊತ್ತಿದ್ದದ್ದು ಆಯಿಗೆ ಮತ್ತು ಆಯಿಯ ಮೂಲಕ ನನಗೆ.

ಅತ್ತೆ ರವಿವಾರಕ್ಕೊಮ್ಮೆ ‘ಕುಡಚಿಗೆ ಹೋಗಿ ಬರ್ತೇನಿ’ ಎಂದು ಹೊರಡತೊಡಗಿದಳು. ಆ ಹೆಂಗಸಿನ ಮನೆಯಲ್ಲಿ ಕೆಲವರು ಸೇರಿ ಪ್ರಾರ್ಥನೆ ಮಾಡುತ್ತಿದ್ದರು. ಯಾಕೆ ಹೋಗುತ್ತೀ ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅಷ್ಟರಲ್ಲಿ ಕಾಕಾನಿಗೆ ಅಥಣಿಯ ಕಡೆಯ ಹೆಣ್ಣು ಗೊತ್ತಾಯಿತು. ಎಲ್ಲ ಕೂಡಿಬಂದ ಮೇಲೆ ಹೆಣ್ಣಿನ ಕಡೆಯ ಹಿರಿಯನೊಬ್ಬ ಚಹಾ ಕುಡಿಯುತ್ತ, ‘ನಿಮ್ಮ ಮನಿ ಮಗಳು ಧರ್ಮ ಬಿಟ್ಟಾಳಂತಲ್ರೀ, ಹೌದೇನ್ರಿ?’ ಎಂದು ಕೇಳಿದ. ಅಪ್ಪನ ಮುಖ ಕಪ್ಪಿಟ್ಟಿತು. ಅವರು ಹೋದದ್ದೇ ತಡ, ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿದ.

ಆ ದಿನ ಜಗಳವೇ ಆಗಲಿಲ್ಲ ಎಂದರೆ ನೀವು ನಂಬಬೇಕು. ಅತ್ತೆ ಒಂದನ್ನೂ ಮುಚ್ಚಿಡಲಿಲ್ಲ. ಪುಸ್ತಕ ಇದೆ ಎಂದಳು, ಪ್ರಾರ್ಥನೆಗೆ ಹೋಗುತ್ತೇನೆ ಎಂದಳು. ತಮ್ಮನ ಲಗ್ನ ನಿಲ್ಲುತ್ತದೆ ಎಂದಾಗ ತಲೆ ತಗ್ಗಿಸಿ ಒಪ್ಪಿದಳು.

‘ಆತು ಅಣ್ಣಾ. ಇನ್ನ ಕುಡಚಿಗೆ ಹೋಗೂದಿಲ್ಲ. ಪುಸ್ತಕಾನೂ ವಾಪಸ್ ಕೊಡ್ತೇನಿ. ಮನಸಿನ್ಯಾಗಿಂದು ಅಷ್ಟ ಕೇಳಬ್ಯಾಡ.’

ಅಪ್ಪನ ಉಸಿರು ಸಡಿಲಾದದ್ದು ನನಗೆ ಕೇಳಿಸಿತು. ಅವ್ವ ಚಹಾಕ್ಕೆ ನೀರಿಡಲು ಎದ್ದೇಬಿಟ್ಟಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮ ಮನೆಯಲ್ಲಿ ಯಾವ ಮಾತೂ ಬಟ್ಟಲು ಮುಟ್ಟದೆ ಮುಗಿಯುತ್ತಿರಲಿಲ್ಲ. ಅಪ್ಪ ಅದನ್ನು ಸಹಜವಾಗಿಯೇ ಹೇಳಿದ, ಊಟವಾದ ಮೇಲೆ ಕೈ ತೊಳಿ ಎನ್ನುವ ಹಾಗೆ.

‘ಹಂಗಾದ್ರ ಭಂಡಾರ ಎತ್ತಿಬಿಡು.’

ಅತ್ತೆ ಏಳಲಿಲ್ಲ.

‘ಅದೊಂದು ಬ್ಯಾಡ ಅಣ್ಣಾ. ಆಣಿ ಮಾಡಬಾರದಂತ ಆ ಪುಸ್ತಕದಾಗ ಐತಿ. ಹೌದಂದ್ರ ಹೌದು, ಅಲ್ಲಂದ್ರ ಅಲ್ಲ, ಅಷ್ಟ. ನಾ ಮಾತು ಕೊಟ್ಟೇನಲ್ಲ.’

‘ಮಾತು ಯಾಂವ ಬೇಕಾದಾಂವ ಕೊಡ್ತಾನ. ಖರೇ ಇದ್ರ ಎತ್ತಾಕ ಏನಾಗೇತಿ ನಿನಗ?’

‘ಹುಟ್ಟಿದಾಗಿಂದ ನನ್ನ ನೋಡೀದಿ ಅಣ್ಣಾ. ಒಂದ ಸುಳ್ಳು ಹೇಳೇನೇನು?’

ಹೇಳಿರಲಿಲ್ಲ. ಅದು ಅಪ್ಪನಿಗೂ ಗೊತ್ತು. ಆದರೆ ಅವನ ಕಣ್ಣಲ್ಲಿ ಆಗ ನಾನು ಕಂಡದ್ದು ಸಿಟ್ಟಲ್ಲ, ದಿಗಿಲು. ಬಟ್ಟಲಿನ ಮುಂದೆ ಹಿಂಜರಿದವರೇ ಕಳ್ಳರು. ಆ ಮನೆಯಲ್ಲಿ ಹುಟ್ಟಿ ಬೆಳೆದ ಯಾರಿಗೂ ಅದಕ್ಕೆ ಬೇರೆ ಅರ್ಥವೇ ಹೊಳೆಯುವಂತಿರಲಿಲ್ಲ, ನನಗೂ ಹೊಳೆಯಲಿಲ್ಲ. ಎಲ್ಲವನ್ನೂ ಬಿಡಲು ಒಪ್ಪಿದವಳು ಒಂದು ಚಿಟಿಕೆ ಅರಿಶಿನಕ್ಕೆ ಹಟ ಹಿಡಿದು ಕುಳಿತಳು. ಎಲ್ಲವನ್ನೂ ಪಡೆದುಕೊಂಡವರು ಆ ಒಂದು ಚಿಟಿಕೆಗಾಗಿ ಅವಳನ್ನೇ ಕಳೆದುಕೊಂಡರು.

ಮೊದಲು ಎದ್ದವನು ಕಾಕಾ. ಅತ್ತೆಯ ಸೊಂಟದ ಮೇಲೆ ಬೆಳೆದವನು. ‘ಕೊಟ್ಟ ಹೆಣ್ಣು ಕುಲಕ್ಕ ಹೊರಗ. ಇಷ್ಟ ದಿನಾ ಇಟಗೊಂಡಿದ್ದ ನಮ್ಮ ತಪ್ಪು’ ಎಂದವನೇ ಬಟ್ಟಲಿಗೆ ಕೈಹಾಕಿ ಮುಷ್ಟಿ ತುಂಬ ಭಂಡಾರ ಎತ್ತಿದ.

‘ಇವತ್ತಿಂದ ಇಕಿ ಕೂಡ ಮಾತಾಡಿದ್ರ, ಈ ಮನ್ಯಾಗ ಕೂಸು ಉಳಿಬಾರದು, ಕುರಿಮರಿ ಉಳಿಬಾರದು.’

ಅವ್ವ ಹೌಹಾರಿ ನನ್ನನ್ನು ಎಳೆದುಕೊಂಡಳು. ಅಂಥ ಆಣೆಯನ್ನು ಅದುವರೆಗೆ ಯಾರೂ ಮಾಡಿರಲಿಲ್ಲ. ಆದರೆ ಆಡಿದ ಮಾತು ಆಡಿಯಾಗಿತ್ತು, ಅದನ್ನು ಅರ್ಧಕ್ಕೆ ಬಿಡುವಂತಿಲ್ಲ. ಅಪ್ಪ ಎತ್ತಿದ. ಅವ್ವನೂ ಎತ್ತಿದಳು. ಕಾಕಾ ಬಟ್ಟಲನ್ನು ಗೋಡೆಗೊರಗಿದ್ದ ಆಯಿಯ ಮುಂದೆ ಹಿಡಿದ. ಆಯಿ ಎತ್ತುವುದಿಲ್ಲ ಎಂದು ನನಗೆ ಖಾತ್ರಿ ಇತ್ತು. ಬಾವಿಗೆ ಬಿದ್ದ ಹುಡುಗನಿಗಾಗಿ ದಿನಾ ಅಳುತ್ತಿದ್ದ ಆಯಿ, ದವಾಖಾನೆಯಲ್ಲಿ ‘ಮುಂದ ಏನಾತು’ ಎಂದು ಕೇಳಿ ಕೇಳಿ ಓದಿಸಿಕೊಂಡ ಆಯಿ. ಅತ್ತೆಗೂ ಖಾತ್ರಿ ಇತ್ತೆಂದು ಕಾಣುತ್ತದೆ, ಅವಳು ಮೊದಲ ಬಾರಿಗೆ ತಲೆಯೆತ್ತಿ ತಾಯಿಯನ್ನು ನೋಡಿದಳು. ಆಯಿ ಕೈ ಚಾಚಿ ಭಂಡಾರ ಎತ್ತಿದಳು. ನನ್ನ ಮುಂದೆ ಬಟ್ಟಲು ಬಂದಾಗ ಮಾತ್ರ, ‘ಕೂಸಿನ್ನ ಬಿಡ್ರಿ’ ಎಂದಳು.

ಆ ಸಂಜೆಯೂ ಅವ್ವ ರೊಟ್ಟಿ ಬಡಿದಳು. ಪುಂಡಿಪಲ್ಯ ಇತ್ತು. ಎಲ್ಲರೂ ತಿಂದರು. ನಾನೂ ತಿಂದೆ, ಗಂಟಲಲ್ಲಿ ಇಳಿಯಿತು.

ಯಾರೂ ಅತ್ತೆಯನ್ನು ಹೊರಗೆ ಹಾಕಲಿಲ್ಲ. ಅದು ಇನ್ನೂ ಕೆಟ್ಟದ್ದಾಗಿತ್ತು. ಅವಳು ಎಂದಿನಂತೆ ಎದ್ದು ಕಸ ಗುಡಿಸಿದಳು, ಮರಿಗಳಿಗೆ ಹಾಲುಣಿಸಿದಳು. ಅವಳೇನು ಆಣೆ ಮಾಡಿರಲಿಲ್ಲವಲ್ಲ, ಎಲ್ಲರೊಂದಿಗೂ ಮಾತಾಡುತ್ತಿದ್ದಳು. ‘ವೈನಿ, ಹಿಟ್ಟು ಕಲಸಲೇನು?’ ಅವ್ವ ತಾನೇ ಹಿಟ್ಟು ಕಲಸತೊಡಗುವಳು. ‘ಅಣ್ಣಾ, ಮಳಿ ಬರೂಹಂಗೈತಿ.’ ಉತ್ತರವಿಲ್ಲ. ಮೊದಲಿನ ದಿನಗಳಲ್ಲಿ ಅವಳು ನಕ್ಕು, ತಾನೇ ಪ್ರಶ್ನೆ ಕೇಳಿ ತಾನೇ ಉತ್ತರ ಹೇಳಿಕೊಂಡಳು. ಆಮೇಲೆ ಅದೂ ನಿಂತಿತು. ಅತ್ತೆಯನ್ನು ಬಿಟ್ಟರೆ ಆಣೆ ಮಾಡದವಳು ಮನೆಯಲ್ಲಿ ನಾನೊಬ್ಬಳೇ ಆದ್ದರಿಂದ ಎಲ್ಲ ಮಾತೂ ನನ್ನ ಮೇಲಿಂದ ದಾಟಬೇಕಾಯಿತು. ‘ಶೋಭಾ, ಮರಿ ಬಿಡಬ್ಯಾಡಂತ ಆಕಿಗೆ ಹೇಳು’ ಎಂದು ಕಾಕಾ ಕೂಗುವನು, ‘ಆಕಿ’ ಅಲ್ಲೇ ಕೈಯಳತೆಯಲ್ಲಿ ನಿಂತಿರುವಳು. ನಾನು ತಿರುಗಿ, ‘ಅತ್ತೀ, ಮರಿ ಬಿಡಬ್ಯಾಡಂತ’ ಎನ್ನುವೆ. ಮೊದಮೊದಲು ನನಗಿದು ಆಟದಂತಿತ್ತು. ಎಂಥ ಆಟ ಎಂದು ತಿಳಿಯಲು ತಡವಾಗಲಿಲ್ಲ.

ಮಳೆಗಾಲದಲ್ಲಿ ಅತ್ತೆಗೆ ಜ್ವರ ಬಂತು. ಅವ್ವ ಗಂಜಿ ಕೊಡಲು ಹೋದವಳು ಮರೆತು, ‘ಈಗ ಹ್ಯಾಂಗೈತಿ?’ ಎಂದು ಕೇಳಿಬಿಟ್ಟಳು. ಅಂದ ಕೂಡಲೇ ಬಾಯಿ ಮುಚ್ಚಿಕೊಂಡಳು. ಆ ವಾರ ಕುರಿಮರಿಗಳಿಗೆ ಹೊಟ್ಟೆಬೇನೆ ಹತ್ತಿ ದೊಡ್ಡಿಯಲ್ಲಿ ಸಾಲಾಗಿ ಸತ್ತವು. ಪ್ರತಿ ಮಳೆಗಾಲದಲ್ಲೂ ಕೆಲವು ಸಾಯುತ್ತಿದ್ದವು, ಆದರೆ ಆ ವರ್ಷ ಅದನ್ನು ಯಾರು ನೆನೆಯುತ್ತಾರೆ? ಅವ್ವ ನನ್ನನ್ನು ಎದೆಗೆ ಅವುಚಿಕೊಂಡು ಇಡೀ ದಿನ ಅತ್ತಳು. ಅಂದಿನಿಂದ ಅವಳು ಅತ್ತೆಯಿದ್ದ ಕಡೆ ಮುಖವನ್ನೂ ತಿರುಗಿಸಲಿಲ್ಲ.

ಕಾಕಾನ ಲಗ್ನದಲ್ಲಿ ಅರಿಶಿನ ಹಚ್ಚುವ ಮೊದಲ ಕೈ ಅಕ್ಕನದ್ದಾಗಬೇಕಿತ್ತು. ನೆರೆಮನೆಯ ಹೆಣ್ಣುಮಗಳು ಹಚ್ಚಿದಳು. ಅತ್ತೆ ಕುರಿದೊಡ್ಡಿಯ ಬಳಿ ನಿಂತು ನೋಡಿದಳು. ಲಗ್ನದ ಚಪ್ಪರ ಇಳಿಸಿದ ಮರುದಿನ ಮಧ್ಯಾಹ್ನ, ಎಲ್ಲರ ಕಣ್ಣೆದುರೇ, ಟ್ರಂಕು ಹಿಡಿದು ಹೊರಬಂದಳು. ನಮ್ಮಲ್ಲಿ ಮನೆಮಗಳು ತವರು ಬಿಟ್ಟು ಹೊರಡುವಾಗ ಉಡಿ ತುಂಬದೆ ಕಳಿಸುವುದಿಲ್ಲ. ಅಕ್ಕಿ, ಬೆಲ್ಲ, ಒಂದು ಕೊಬ್ಬರಿ ಬಟ್ಟಲು. ಬಡವರ ಮನೆಯಾದರೂ ಅಷ್ಟು ಇರುತ್ತದೆ. ಅತ್ತೆ ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ನಿಂತಳು. ಯಾಕೆ ನಿಂತಳೆಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಏಳಲಿಲ್ಲ. ಅವಳು ನನ್ನ ಕೆನ್ನೆ ಸವರಿ, ಕಬ್ಬಿನ ನಡುವಿನ ದಾರಿ ಹಿಡಿದಳು.

ಅವಳು ಕುಡಚಿಯಲ್ಲಿ ಹೆಣ್ಣುಮಕ್ಕಳ ಒಂದು ವಸತಿಗೃಹದಲ್ಲಿ ಅಡುಗೆಗೆ ಸೇರಿದಳು. ಪಂಚಮಿ ಬಂದರೆ ಊರಿನ ಮನೆಮನೆಗೂ ಹೆಣ್ಣುಮಕ್ಕಳು ತವರಿಗೆ ಬರುತ್ತಿದ್ದರು, ನಮ್ಮ ಮನೆಯಿಂದ ಕರೆಯಲು ಯಾರೂ ಹೋಗಲಿಲ್ಲ. ನಾನು ಹಾರೂಗೇರಿಯ ಕಾಲೇಜಿಗೆ ಹೋಗತೊಡಗಿದ ಮೇಲೆ ಬಸ್ಸು ಹತ್ತಿ ಅವಳನ್ನು ನೋಡಲು ಹೋಗುತ್ತಿದ್ದೆ. ಒಮ್ಮೆ ಅವಳು ಬೆಳ್ಳುಳ್ಳಿ ಸುಲಿಯುತ್ತ ಕುಳಿತಿದ್ದಾಗ, ದೊಡ್ಡವಳಾದ ಗತ್ತಿನಲ್ಲಿ ಹೇಳಿದೆ:

‘ಕಡೀಕ ಯೋಸೇಫ ಅಣ್ಣಂದಿರನ್ನ ಕ್ಷಮಾ ಮಾಡಿದ್ನಲ್ಲ ಅತ್ತಿ. ನೀನೂ ಮಾಡೀದಿ ಹೌದಿಲ್ಲೋ?’

ಅವಳು ಹೂಂ ಅನ್ನುತ್ತಾಳೆಂದು ನಾನು ಕಾದಿದ್ದೆ. ದಿನಾ ಪ್ರಾರ್ಥನೆ ಮಾಡುವವಳು, ಇನ್ನೇನು ಅನ್ನುತ್ತಾಳೆ?

‘ಅವ ದೊಡ್ಡ ಅಧಿಕಾರಿ ಆಗಿದ್ನವ್ವಾ. ಕಣಜ ತುಂಬ ಕಾಳಿತ್ತು, ಅಣ್ಣಂದಿರು ಬಂದು ಕಾಲಿಗೆ ಬಿದ್ರು. ಅಷ್ಟ ಆದ ಮ್ಯಾಲ ಯಾರು ಬೇಕಾದವರು ಕ್ಷಮಾ ಮಾಡ್ತಾರ. ನಾ ಇನ್ನೂ ಬಾವ್ಯಾಗ ಅದೇನಿ.’

ಅವಳು ಬೆಳ್ಳುಳ್ಳಿಯಿಂದ ಕಣ್ಣೆತ್ತಲಿಲ್ಲ. ಆಮೇಲೆ ಬಹಳ ದಿನ ಒಳಗೇ ಇಟ್ಟುಕೊಂಡಿದ್ದನ್ನು ಹೇಳಿದಳು.

‘ಯೋಬ ಅಂತ ಒಬ್ಬಾಂವ ಇದ್ದ. ಮಕ್ಕಳು ಸತ್ರು, ದನ ಸತ್ತು, ಮೈತುಂಬ ಹುಣ್ಣಾದ್ವು. ಗೆಳೆಯಾರು ಬಂದು ನಿಂದ ತಪ್ಪು, ನಿಂದ ತಪ್ಪು ಅಂದ್ರು. ಮಂದಿ ಅವರನ್ನ ಕೆಟ್ಟವರು ಅಂತಾರ. ನನಗ ಹಂಗ ಅನಸೂದಿಲ್ಲ ನೋಡು. ಬೈದ್ರೂ ಬಾಜೂಕ ಕುಂತು ಮಾತಾಡಿದ್ರಲ್ಲ. ಯೇಸುಸ್ವಾಮಿನ್ನೂ ಮನಿ ಮಂದಿ ಹುಚ್ಚು ಹಿಡದೈತಿ ಅಂತ ಹಿಡಕೊಂಡು ಹೋಗಾಕ ಬಂದಿದ್ರಂತ. ಬಂದಿದ್ರಲ್ಲ! ನನ್ನ ಹಿಡಕೊಂಡು ಹೋಗಾಕ ಯಾರು ಬಂದ್ರು?’

ಕಷ್ಟ ಬಂದರೆ ದೇವರು ಪರೀಕ್ಷಿಸುತ್ತಾನೆ ಎಂದು ಅವರ ಪ್ರಾರ್ಥನೆಯ ಸಭೆಯಲ್ಲಿ ಹೇಳುವುದನ್ನು ನಾನೂ ಕೇಳಿದ್ದೆ. ಅವಳು ಅದನ್ನೆಲ್ಲ ಹೇಳಲಿಲ್ಲ. ಅವಳು ಆ ಪುಸ್ತಕದಲ್ಲಿ ಹುಡುಕಿದ್ದು ಸಮಾಧಾನವನ್ನಲ್ಲ, ತನ್ನಂಥವರನ್ನು. ಅವರೆಲ್ಲರ ಬಳಿಯೂ ತನಗಿಲ್ಲದ್ದೊಂದು ಇದೆ ಎಂದು ಅವಳಿಗೆ ಕಂಡಿತ್ತು. ನಾನು ಅವಳ ಮುಂದಿನ ಬೆಳ್ಳುಳ್ಳಿ ತೆಗೆದುಕೊಂಡು ಸುಲಿಯತೊಡಗಿದೆ.

ಆಯಿಯ ಅನ್ನ-ನೀರು ಬಿಟ್ಟುಹೋದಾಗ ನಾನೇ ಅತ್ತೆಗೆ ಫೋನು ಮಾಡಿದೆ. ಯಾರನ್ನೂ ಕೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವಳು ಬಂದಳು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅಂಗಳದಲ್ಲಿದ್ದ ಅಪ್ಪ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಕಾಕಾ ಕುರಿಗಳೊಂದಿಗೆ ದೂರ ಹೋಗಿದ್ದ, ಅವನ ಸಣ್ಣ ಮಗ ಪಡಸಾಲೆಯಲ್ಲಿ ಆಡುತ್ತಿದ್ದ. ಅತ್ತೆ ಆಯಿಯ ತಲೆದೆಸೆಯಲ್ಲಿ ಕುಳಿತಳು. ಆಯಿ ಕಣ್ಣು ತೆರೆದು ಮಗಳನ್ನು ನೋಡಿದಳು, ಆಮೇಲೆ ನನ್ನ ಕಡೆ ತಿರುಗಿದಳು.

‘ಶೋಭಾ, ಆಕಿಗೆ ಹೇಳು. ನಾ ಅವತ್ತ ಎತ್ತಬಾರದಿತ್ತು ಅಂತ ಹೇಳು.’

ಹಳೆಯ ಅಭ್ಯಾಸ, ನಾನು ಅತ್ತೆಯತ್ತ ತಿರುಗಿ ಬಾಯಿ ತೆರೆದೆ. ಅತ್ತೆ ಕೈಯೆತ್ತಿ ನನ್ನನ್ನು ತಡೆದಳು.

‘ಕೇಳ್ಸೇತಿ. ಆಕೀನ ಹೇಳ್ಲಿ ಅನ್ನು. ಒಂದ ಮಾತು. ನನ್ನ ಮಾರಿ ನೋಡಿ ಹೇಳ್ಲಿ.’

ಆಯಿಯ ತುಟಿ ಅಲುಗಿತು. ಅಷ್ಟರಲ್ಲಿ ಅವಳ ಕಣ್ಣು ಮೊಮ್ಮಗನ ಕಡೆ ಹೋಯಿತು. ಅವನು ಮುರಿದ ಆಟಿಕೆ ಟ್ರ್ಯಾಕ್ಟರನ್ನು ನೆಲದ ಮೇಲೆ ಎಳೆಯುತ್ತ ಬಾಯಲ್ಲೇ ಅದರ ಸದ್ದು ಮಾಡುತ್ತಿದ್ದ. ತುಟಿ ನಿಂತಿತು. ಸಾಯುವ ಹೊತ್ತಿಗೂ ಒಂದು ಮಾತಾಡದ ತಾಯಿ ಇವಳು ಎಂದು ನನ್ನ ಮೈಯೆಲ್ಲ ಉರಿಯಿತು. ಆಗ ಆಯಿಯ ಕೈ ಕಂಬಳಿಯ ಹೊರಗೆ ಬಂತು, ತಡವರಿಸುತ್ತ ಮಗಳ ಮೊಣಕಾಲ ಮೇಲೆ ಬಂದು ಕುಳಿತಿತು. ಆಣೆ ಇದ್ದದ್ದು ಮಾತಿಗೆ. ಮುಟ್ಟಬಾರದೆಂದು ಯಾರೂ ಅಂದಿರಲಿಲ್ಲ. ಇಷ್ಟು ವರ್ಷ ಅವಳ ಪಕ್ಕದಲ್ಲಿ ಹೋಗಿ ಕೂರಬಹುದಿತ್ತು, ತಲೆ ಸವರಬಹುದಿತ್ತು, ಪಂಚಮಿಗೆ ಕೈ ಹಿಡಿದು ಕರೆತರಬಹುದಿತ್ತು. ಇಡೀ ಮನೆಯಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲವಲ್ಲ ಎಂದು ನಾನು ದಂಗಾಗಿ ಕುಳಿತೆ. ಅತ್ತೆ ಆ ಕೈಯನ್ನು ಬಹಳ ಹೊತ್ತು ನೋಡಿದಳು. ಮತ್ತೆ ಮಗುವಿನ ಕಡೆ ನೋಡಿದಳು. ಆಮೇಲೆ ಆಯಿಯ ಕೈಯನ್ನು ಎತ್ತಿ ಕಂಬಳಿಯೊಳಗೆ ಇಟ್ಟಳು, ಅದನ್ನು ಹಿಡಿದ ತನ್ನ ಕೈಯನ್ನು ಹೊರಗೆ ತೆಗೆಯಲಿಲ್ಲ.

ಅಪ್ಪ ಬಾಗಿಲಲ್ಲಿ ಬಂದು ನಿಂತ.

‘ಶೋಭಾ, ಊಟಕ್ಕ ಏಳಂತ ಆಕಿಗೆ ಹೇಳು.’

‘ನಾ ಹೇಳೂದಿಲ್ಲ. ನೀನ ಹೇಳು ಅಪ್ಪಾ,’ ಎಂದೆ.

ಅಪ್ಪ ತಂಗಿಯನ್ನು ನೋಡಿದ. ಬಾಯಿ ತೆರೆದ. ಅವನಿಗೆ ತಂಗಿಯ ಮೇಲೆ ದ್ವೇಷ ಎಂದೇ ನಾನು ಇಷ್ಟು ಕಾಲ ತಿಳಿದಿದ್ದೆ. ಅಲ್ಲಿ ನಿಂತಿದ್ದವನು ಸುಮ್ಮನೆ ಹೆದರಿಹೋದ ಮುದುಕ.

ಅತ್ತೆ ಕುಳಿತಲ್ಲಿಂದಲೇ ತಲೆಯೆತ್ತಿದಳು.

‘ಬ್ಯಾಡ ಅಣ್ಣಾ, ನೀ ಮಾತಾಡಬ್ಯಾಡ. ಮನ್ಯಾಗ ಕೂಸೈತಿ. ನೀ ನೀಡು, ನಾನ ಬರ್ತೇನಿ.’

ಅಪ್ಪ ಒಳಗೆ ಹೋಗಿ ತಾಟಿಗೆ ರೊಟ್ಟಿ ಹಾಕತೊಡಗಿದ.